ಕಣ್ಣಿಗೆ ಕಾಣದ ನೆಲಕ್ಕಿಳಿದ ಡೂಲಿಟ್ಲ್

ದಿಲ್ಲಿಯಲ್ಲಿರುವ ನಮ್ಮ ಬಂಧುಗಳು ಅಲ್ಲಿಯ ಚಳಿಗಾಲದ ಮಂಜನ್ನು ಬಲ್ಲರು. ಹತ್ತು ಮಾರು ದೂರದ ದೀಪವೂ ಕಾಣದ ಮುಂಜಾವಿನಲ್ಲಿ ವಿಮಾನವೊಂದು ಇಳಿದುಬರುವ ಸದ್ದು ಕೇಳಿದಾಗ, ಇದು ಹೇಗೆ ಸಾಧ್ಯವೆಂಬ ಪ್ರಶ್ನೆ ಹುಟ್ಟುವುದು ಸಹಜ. ಆ ಪ್ರಶ್ನೆಗೆ ಉತ್ತರದ ಹಾದಿ ತೆರೆದವರಲ್ಲಿ ಮೊದಲಿಗನು ಅಮೇರಿಕೆಯ ಜೇಮ್ಸ್ ಡೂಲಿಟ್ಲ್.

1896ರ ಡಿಸೆಂಬರ್ 14ರಂದು ಕ್ಯಾಲಿಫೋರ್ನಿಯದಲ್ಲಿ ಜನಿಸಿದ ಈತನು ಬೆಳೆದುದು ಹಿಮದ ನಾಡಾದ ಅಲಾಸ್ಕದಲ್ಲಿ. ತಂದೆ ಬಡಗಿ. ಗಿಡ್ಡ ಮೈಕಟ್ಟಿನ ಹುಡುಗನು ಮುಷ್ಟಿಯುದ್ಧದಲ್ಲಿ ಪಳಗಿ, ಮುಂದೆ ಸೈನ್ಯದ ವೈಮಾನಿಕನಾದನು. 1922ರಲ್ಲಿ ಅಮೇರಿಕೆಯ ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಒಂದು ದಿನದೊಳಗೆ ಹಾರಿ ಸಾಹಸಿಯೆನಿಸಿದನು. ಸಾಹಸವೊಂದೇ ಸಾಲದೆಂದು ಓದಿಗೆ ಮರಳಿ, 1925ರಲ್ಲಿ ಡಾಕ್ಟರೇಟನ್ನೂ ಪಡೆದನು.

ಅಂದಿನ ವೈಮಾನಿಕರಲ್ಲಿ ಬಹುಮಂದಿ ಮೋಡ ಕವಿದಾಗ ತಮ್ಮ ದೇಹದ ಅನುಭವವನ್ನೇ ನಂಬುತ್ತಿದ್ದರು. ಆದರೆ ನೆಲ ಕಾಣದಾಗ ದೇಹವು ಸುಳ್ಳು ಹೇಳುತ್ತದೆ. ವಿಮಾನವು ಸುತ್ತುತ್ತ ಕೆಳಗಿಳಿಯುತ್ತಿದ್ದರೂ ನೆಟ್ಟಗೆ ಸಾಗುತ್ತಿರುವಂತೆ ತೋರುತ್ತದೆ. ಹೀಗೆ ಮೋಸಹೋಗಿ ಪ್ರಾಣ ತೆತ್ತವರು ಅನೇಕರು.

ಡೂಲಿಟ್ಲ್ ಮತ್ತು ಆತನ ಸಂಗಡಿಗರು ಗುಗನ್‌ಹೈಮ್ ನಿಧಿಯ ನೆರವಿನಿಂದ ಉಪಕರಣಗಳನ್ನು ಒಂದುಗೂಡಿಸಿದರು: ವಾಲಿಕೆಯನ್ನು ತೋರುವ ಕೃತಕ ದಿಗಂತ, ದಿಕ್ಕನ್ನರುಹುವ ಗೈರೋ, ಸೂಕ್ಷ್ಮವಾದ ಎತ್ತರಮಾಪಕ, ಹಾದಿಯನ್ನು ಸೂಚಿಸುವ ರೇಡಿಯೋ ಸಂಕೇತ. 1929ರ ಸೆಪ್ಟೆಂಬರ್ 24ರಂದು, ನ್ಯೂಯಾರ್ಕಿನ ಬಳಿಯ ಮಿಚೆಲ್ ಮೈದಾನದಲ್ಲಿ, ಈತನ ಆಸನಕ್ಕೆ ಪೂರ್ತಿಯಾಗಿ ಮುಸುಕು ಹಾಕಲಾಯಿತು. ಮುಂದಿನ ಆಸನದಲ್ಲಿ ರಕ್ಷಣೆಗೆಂದು ಕುಳಿತ ಬೆಂಜಮಿನ್ ಕೆಲ್ಸಿ ವಿಮಾನದ ಹಿಡಿತಕ್ಕೆ ಕೈ ಹಚ್ಚಲಿಲ್ಲ. ಡೂಲಿಟ್ಲ್ ಏನನ್ನೂ ಕಾಣದೆಯೇ ಮೇಲೇರಿ, ಸುತ್ತಿ, 15 ನಿಮಿಷಗಳಲ್ಲಿ ಅದೇ ಮೈದಾನಕ್ಕಿಳಿದನು.

1942ರಲ್ಲಿ 16 ವಿಮಾನಗಳೊಡನೆ ಜಪಾನಿನ ಮೇಲೆ ಬಾಂಬುದಾಳಿ ನಡೆಸಿದ ವೀರನೆಂದು ಲೋಕವು ಈತನನ್ನು ಸ್ಮರಿಸುತ್ತದೆ. ನಾವಾದರೋ ಜೀವವುಳಿಸುವ ಹಾದಿ ತೋರಿದ ಆ 15 ನಿಮಿಷಗಳನ್ನೇ ಹೆಚ್ಚೆಂದು ಬಗೆಯುತ್ತೇವೆ.

1993ರ ಸೆಪ್ಟೆಂಬರ್ 27ರಂದು ಡೂಲಿಟ್ಲ್ ತೀರಿಕೊಂಡನು. ಇಂದು ಹಾದಿಯ ಸಂಕೇತವು ಉಪಗ್ರಹಗಳಿಂದಲೂ ಬರುತ್ತದೆ. ಭಾರತದ 'ಗಗನ್' ವ್ಯವಸ್ಥೆಯಲ್ಲಿ, ಆ ಸಂಕೇತಗಳ ತಪ್ಪನ್ನು ನಮ್ಮ ಬೆಂಗಳೂರಿನ ಕೇಂದ್ರವು ಲೆಕ್ಕಹಾಕಿ, ತಿದ್ದುಪಡಿಯನ್ನು ಬೇರೊಂದು ಉಪಗ್ರಹದ ಮೂಲಕ ವಿಮಾನಕ್ಕೆ ತಲುಪಿಸುತ್ತದೆ. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಷನ್‌ಗಢದಲ್ಲಿ ವಿಮಾನವೊಂದು ಇದರ ನೆರವಿನಿಂದ ಇಳಿಯಿತು. ಆದರೂ ಕೊನೆಯ ಕೆಲವು ನೂರು ಅಡಿಗಳಲ್ಲಿ ಓಡುದಾರಿ ಕಣ್ಣಿಗೆ ಬೀಳದಿದ್ದರೆ, ಇಂಥ ವಿಮಾನವು ಮತ್ತೆ ಮೇಲೇರಲೇಬೇಕು.

ಕಣ್ಣಂದಾಜಿಗಿಂತ ತಕ್ಕಡಿಯನ್ನೂ, ನೆನಪಿಗಿಂತ ಲೆಕ್ಕದ ಪುಸ್ತಕವನ್ನೂ ನಂಬಿ ದುಡಿಯುವ ನಮಗೆ ಡೂಲಿಟ್ಲನ ಪಾಠ ಹೊಸದೇನಲ್ಲ. ಆತನು ಮಾತ್ರ ಅದಕ್ಕೆ ತನ್ನ ಪ್ರಾಣವನ್ನೇ ಪಣವಾಗಿಟ್ಟನು.