ಮನೆಯಲ್ಲೇ ರೇಡಿಯೊ ಹಚ್ಚಿದ ಸೈಕಾಲಜಿ ಮೇಷ್ಟ್ರು

ಭದ್ರಾವತಿಯ ನಮ್ಮ ನಾನಿಗೆ ರಾತ್ರಿ ಆಕಾಶವಾಣಿ ಹಾಡುತ್ತಿದ್ದರೇನೇ ನಿದ್ದೆ. ಗೊರಕೆ ಹೊಡೆಯುವಾಗ ಮೆಲ್ಲಗೆ ಆಫ್ ಮಾಡಿದರೆ ತಕ್ಷಣ ಎಚ್ಚರ! ನಿದ್ದೆಯಲ್ಲೂ ಮಿದುಳು ಕಿವಿಯನ್ನು ಪೂರ್ತಿ ಮುಚ್ಚುವುದಿಲ್ಲ ಎಂದು ತರಗತಿಯಲ್ಲಿ ಕಲಿತಾಗ ನನಗೆ ನೆನಪಾದದ್ದು ಅವರೇ. ‘ಆಕಾಶವಾಣಿ’ಗೂ ಸೈಕಾಲಜಿಗೂ ನಂಟಿದೆ ಎಂದು ಗೊತ್ತಾದದ್ದು ಆಮೇಲೆ.

ಆ ನಂಟಿನ ಹೆಸರು ಡಾ. ಎಂ.ವಿ. ಗೋಪಾಲಸ್ವಾಮಿ. 1896ರಲ್ಲಿ ಹುಟ್ಟಿದ ಇವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಸಂಶೋಧನೆ ಮಾಡಿದರು. ಎಲ್ಲ ಬುದ್ಧಿಕೆಲಸಕ್ಕೂ ಬೇಕಾದ ಒಂದು ಸಾಮಾನ್ಯ ಸಾಮರ್ಥ್ಯ, ಒಂದೊಂದು ಕೆಲಸಕ್ಕೂ ಬೇಕಾದ ವಿಶೇಷ ಸಾಮರ್ಥ್ಯ ಎಂದು ನಾವು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವಲ್ಲ, ಆ ಸಿದ್ಧಾಂತದ ಸ್ಪಿಯರ್‌ಮನ್ನೇ! ಊರಿಗೆ ಮರಳಿ, 1924ರಲ್ಲಿ ಶುರುವಾದ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಮನಸ್ಸನ್ನು ಪ್ರಯೋಗದಿಂದ ಅಳೆಯಬಹುದು ಎಂಬುದು ಇಲ್ಲಿನವರಿಗೆ ಆಗ ಹೊಸ ಮಾತು.

1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಆರಂಭಿಸಿದರು. ನಮ್ಮ ಫ್ಯಾನಿಗೂ ಅದಕ್ಕಿಂತ ಹೆಚ್ಚು ಕರೆಂಟು ಬೇಕು! ಅದೇ ಆಕಾಶವಾಣಿ. ಮುಂದೆ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯದ ನಂತರ ದೇಶದ ರೇಡಿಯೊಗೇ ಆ ಹೆಸರು ಬಂತು. ಗೋಪಾಲಸ್ವಾಮಿಯವರು 1957ರಲ್ಲಿ ತೀರಿಕೊಂಡರು.

ನಾನು ಸೈಕಾಲಜಿ ತೆಗೆದುಕೊಂಡಾಗ ಶಿವಮೊಗ್ಗದ ಮನೆಯಲ್ಲಿ ಅಬ್ಬಾ ವಾರವಿಡೀ ಸರಿಯಾಗಿ ಮಾತಾಡಿರಲಿಲ್ಲ. ಅವರ ಪ್ರಕಾರ ಅದು ಹುಚ್ಚಾಸ್ಪತ್ರೆಯ ಓದು. ಮೊನ್ನೆ ಈ ಮೇಷ್ಟ್ರ ಕಥೆ ಹೇಳಿದೆ. ಅಬ್ಬಾ ಪೂರ್ತಿ ಕೇಳಿದರು, ಏನೂ ಅನ್ನಲಿಲ್ಲ. ನಾನಿ ಮಾತ್ರ ಅರ್ಧದಲ್ಲೇ ನಿದ್ದೆ ಹೋದರು. ರೇಡಿಯೊ ಹಾಡುತ್ತಲೇ ಇತ್ತು.