ಗಂಗೆಗೆ ತೀರ್ಪು ಬರೆದ ಪಾಂಡವಪುರದ ಜಡ್ಜ್: ಇ.ಎಸ್. ವೆಂಕಟರಾಮಯ್ಯ

ನಂಜನಗೂಡು: ಜಾತ್ರೆ ಮುಗಿದ ಮಾರನೇ ದಿನ ಕಪಿಲೆಯ ಸ್ನಾನಘಟ್ಟಕ್ಕೆ ಹೋದವರಿಗೆ ಅಲ್ಲಿನ ಸ್ಥಿತಿ ಹೇಳಬೇಕಾಗಿಲ್ಲ. ಭಕ್ತರು ಬಿಟ್ಟುಹೋದ ಬಟ್ಟೆ, ಪ್ಲಾಸ್ಟಿಕ್ಕು, ಹೂವಿನ ಕಸ. ಹೊಳೆ ಕೆಡ್ತಾ ಇದೆ ಅಂತ ಅಂಗಡಿ ಕಟ್ಟೆಯ ಮೇಲೆ ಎಲ್ಲರೂ ಮಾತಾಡ್ತಾರೆ. ಆದರೆ ಕೋರ್ಟಿಗೆ ಹೋಗೋದು ಯಾರು, ದಂಡೆ ಮೇಲೆ ಒಂದು ಗುಂಟೆ ಜಮೀನೂ ಇಲ್ಲದವನಿಗೆ ಕೇಳೋ ಹಕ್ಕು ಇದೆಯಾ ಅಂದ ಕೂಡಲೇ ಮಾತು ನಿಂತುಹೋಗುತ್ತೆ. ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1988ರಲ್ಲೇ ಉತ್ತರ ಕೊಟ್ಟಿದೆ. ಆ ತೀರ್ಪು ಬರೆದವರು ದೂರದವರೇನಲ್ಲ. ಮೈಸೂರು, ಶ್ರೀರಂಗಪಟ್ಟಣ ದಾಟಿದರೆ ಸಿಗುವ ಪಾಂಡವಪುರ ತಾಲ್ಲೂಕಿನವರು.

ಇ.ಎಸ್. ವೆಂಕಟರಾಮಯ್ಯ ಹುಟ್ಟಿದ್ದು 1924ರ ಡಿಸೆಂಬರ್ 18ರಂದು. ಹೆಸರಿನ ಮುಂದಿನ ಇ ಅಂದ್ರೆ ಊರು ಇಂಗಲಗುಪ್ಪೆ, ಎಸ್ ಅಂದ್ರೆ ತಂದೆ ಸೀತಾರಾಮಯ್ಯ. ಪಾಂಡವಪುರವನ್ನು ಆಗ ಫ್ರೆಂಚ್ ರಾಕ್ಸ್ ಅಂತಲೂ ಕರೀತಿದ್ರು. ಕಾನೂನು ಓದೋಕೆ ಪುಣೆ, ಬೆಳಗಾವಿ ಅಂತ ಊರು ಬಿಟ್ಟು ಹೋದರು. 1946ರಲ್ಲಿ ವಕೀಲಿಕೆ ಶುರು. 1970ರ ಮಾರ್ಚ್‌ನಲ್ಲಿ ರಾಜ್ಯದ ಅಡ್ವೊಕೇಟ್ ಜನರಲ್ ಆದರು. ಆ ಕುರ್ಚಿಯಲ್ಲಿ ಕೂತಿದ್ದು ಮೂರೇ ತಿಂಗಳು, ಜೂನ್‌ಗೆ ಹೈಕೋರ್ಟ್ ಜಡ್ಜ್. ಅವರು ಸೇರಿದಾಗ ಅದು ಮೈಸೂರು ಹೈಕೋರ್ಟ್, ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ಹೈಕೋರ್ಟ್. ಅಲ್ಲಿಂದ 1979ರ ಮಾರ್ಚ್ 8ಕ್ಕೆ ದೆಹಲಿಯ ಸುಪ್ರೀಂ ಕೋರ್ಟ್.

ಸುಪ್ರೀಂ ಕೋರ್ಟಿನ ಜಡ್ಜ್‌ಗೆ ಇದೊಂದೇ ವಿಷಯ ಅಂತ ಇರೋದಿಲ್ಲ. ಬೆಳಿಗ್ಗೆ ಕಸ್ಟಮ್ಸ್ ಸುಂಕ, ಮಧ್ಯಾಹ್ನ ಜೀವನಾಂಶ, ನಾಳೆ ಬಸ್ ಅಪಘಾತ. ಇಬ್ಬರೋ ಮೂವರೋ ಕೂತು ಕೇಳ್ತಾರೆ, ಸಂವಿಧಾನದ ದೊಡ್ಡ ಪ್ರಶ್ನೆ ಬಂದರೆ ಐದು ಅಥವಾ ಹೆಚ್ಚು ಮಂದಿ. ಅಲ್ಲಿ ತೀರ್ಮಾನವಾದ ಕಾನೂನು ಸಂವಿಧಾನದ 141ನೇ ವಿಧಿ ಪ್ರಕಾರ ದೇಶದ ಎಲ್ಲ ಕೋರ್ಟಿಗೂ ಅನ್ವಯ. ಕೇಸ್ ಗುಜರಾತಿನದ್ದಾದರೂ ಅದರ ಫಲ ತಿ.ನರಸೀಪುರದ ಮನೆಗೂ ಬರುತ್ತೆ.

ಹಾಗೆ ಬಂದದ್ದೇ 1987ರ ಗುಜರಾತ್ ಸಾರಿಗೆ ಸಂಸ್ಥೆಯ ಕೇಸು. ಅಪಘಾತದಲ್ಲಿ ತೀರಿಕೊಂಡವನ ಅಣ್ಣತಮ್ಮಂದಿರು ಪರಿಹಾರ ಕೇಳಿದ್ದರು. 1855ರ ಬ್ರಿಟಿಷರ ಕಾಲದ ಕಾನೂನಿನಂತೆ ಹೆಂಡತಿ ಅಥವಾ ಗಂಡ, ಅಪ್ಪ ಅಮ್ಮ, ಮಕ್ಕಳು, ಇಷ್ಟು ಜನಕ್ಕೆ ಮಾತ್ರ ಹಕ್ಕು. ಸಂಸ್ಥೆ ಹಿಡಿದದ್ದೂ ಅದನ್ನೇ. ವೆಂಕಟರಾಮಯ್ಯ ಒಪ್ಪಲಿಲ್ಲ. ಮೋಟಾರು ವಾಹನ ಕಾನೂನಿನಲ್ಲಿ ಇರೋ ಪದ ಕಾನೂನುಬದ್ಧ ಪ್ರತಿನಿಧಿ ಅಂತ, ಅದರೊಳಗೆ ಅಣ್ಣತಮ್ಮಂದಿರೂ ಬರ್ತಾರೆ ಅಂದರು. ಈ ದೇಶದ ಮನೆಗಳಲ್ಲಿ ಅಣ್ಣ, ತಮ್ಮ, ತಂಗಿ, ಅಣ್ಣನ ಮಕ್ಕಳು, ಕೆಲವು ಕಡೆ ಸಾಕಿಕೊಂಡ ಮಕ್ಕಳೂ ದುಡಿಯುವ ಒಬ್ಬನನ್ನೇ ನಂಬಿರ್ತಾರೆ ಅನ್ನೋದನ್ನು ತೀರ್ಪಿನಲ್ಲೇ ಬರೆದರು. ಕೂಡುಕುಟುಂಬ ಕಂಡವರ ಬರಹ ಅಂತ ಓದಿದ ಕೂಡಲೇ ಗೊತ್ತಾಗುತ್ತೆ. 1988ರ ಹೊಸ ಮೋಟಾರು ವಾಹನ ಕಾನೂನಿನಲ್ಲೂ ಅದೇ ಪದ ಉಳಿದಿದೆ.

ಪತ್ರಿಕೆಗಳ ಕೇಸ್ ಅದಕ್ಕಿಂತ ಹಳೇದು, 1984ರ ಡಿಸೆಂಬರಿನದು. ಹೊರದೇಶದಿಂದ ತರಿಸುವ ಪತ್ರಿಕಾ ಕಾಗದಕ್ಕೆ ಕೇಂದ್ರ ಸರ್ಕಾರ ಹಾಕಿದ ಸುಂಕದ ವಿರುದ್ಧ ದೊಡ್ಡ ಪತ್ರಿಕೆಗಳು ಹೋಗಿದ್ದವು. ಪತ್ರಿಕೆಗೆ ತೆರಿಗೆಯೇ ಬೇಡ ಅನ್ನೋ ವಾದವನ್ನು ವೆಂಕಟರಾಮಯ್ಯ ಕೇಳಲಿಲ್ಲ. ಎಲ್ಲ ಉದ್ಯಮದಂತೆ ಅದಕ್ಕೂ ತೆರಿಗೆ ಉಂಟು. ಆದರೆ ಓದುಗನ ಕೈಗೆ ಪೇಪರ್ ಸಿಗದ ಹಾಗೆ ಭಾರ ಹೇರುವಂತಿಲ್ಲ, ಸುಂಕವನ್ನು ಸರ್ಕಾರ ಮತ್ತೆ ಪರಿಶೀಲಿಸಬೇಕು ಅಂತ ಆದೇಶವಾಯಿತು. ಸಣ್ಣ ಪತ್ರಿಕೆಗೆ ರಿಯಾಯಿತಿ, ದೊಡ್ಡದಕ್ಕೆ ಹೆಚ್ಚು ಅನ್ನೋ ವಿಂಗಡಣೆ ತಪ್ಪಲ್ಲ ಅಂತಲೂ ಹೇಳಿದರು.

ಅಂಚೆ ಮತ್ತು ತಂತಿ ಇಲಾಖೆಯ ದಿನಗೂಲಿ ನೌಕರರಿಗೆ ಕಾಯಂ ನೌಕರರ ಕನಿಷ್ಠ ಮೂಲ ವೇತನದ ಲೆಕ್ಕದಲ್ಲೇ ಕೂಲಿ ಕೊಡಿ, ವರ್ಷ ದಾಟಿದವರನ್ನು ಸೇರಿಸಿಕೊಳ್ಳೋಕೆ ಯೋಜನೆ ಮಾಡಿ ಅಂದದ್ದು 1987ರಲ್ಲಿ. ಶಾಬಾನೊ ಜೀವನಾಂಶದ ಕೇಸಿನ ಐವರು ಜಡ್ಜ್‌ಗಳಲ್ಲೂ ಅವರೊಬ್ಬರು.

ಇನ್ನು ಗಂಗೆಯ ವಿಷಯ. ಕಾನ್ಪುರದ ಜಾಜ್‌ಮೌ ಅನ್ನೋ ಜಾಗದಲ್ಲಿ ಸಾಲುಸಾಲು ಚರ್ಮ ಹದ ಮಾಡುವ ಕಾರ್ಖಾನೆಗಳು. ಕೊಳಕು ನೀರೆಲ್ಲ ಗಂಗೆಗೆ. ದೆಹಲಿಯ ವಕೀಲ ಎಂ.ಸಿ. ಮೆಹ್ತಾ ಕೇಸ್ ಹಾಕಿದರು. ಸಣ್ಣ ಮಾಲೀಕರ ಅಳಲು ಸುಳ್ಳಾಗಿರಲಿಲ್ಲ: ಶುದ್ಧೀಕರಣ ಘಟಕಕ್ಕೆ ದುಡ್ಡು ಎಲ್ಲಿಂದ ತರೋದು? 1987ರ ಸೆಪ್ಟೆಂಬರ್ 22ರಂದು ವೆಂಕಟರಾಮಯ್ಯ ಮತ್ತು ಕೆ.ಎನ್. ಸಿಂಗ್ ತೀರ್ಪು ಕೊಟ್ಟರು. ಕೆಲಸದವನಿಗೆ ಕನಿಷ್ಠ ಕೂಲಿ ಕೊಡಲಾರದ ಉದ್ಯಮ ಹೇಗೆ ನಡೆಯುವಂತಿಲ್ಲವೋ, ಪ್ರಾಥಮಿಕ ಶುದ್ಧೀಕರಣ ಘಟಕ ಹಾಕಲಾರದ ಕಾರ್ಖಾನೆಯೂ ಹಾಗೇ ನಡೆಯುವಂತಿಲ್ಲ ಅಂತ ವೆಂಕಟರಾಮಯ್ಯ ಬರೆದರು. ಮಾಲೀಕನ ಜೇಬು ಎಷ್ಟು ದೊಡ್ಡದು ಅನ್ನೋದು ಇಲ್ಲಿ ಲೆಕ್ಕಕ್ಕೇ ಇಲ್ಲ. ಮುಚ್ಚಿದರೆ ಕೆಲಸ ಹೋಗುತ್ತೆ, ತೆರಿಗೆ ನಷ್ಟವಾಗುತ್ತೆ ಅನ್ನೋದನ್ನು ಸಿಂಗ್ ಪ್ರತ್ಯೇಕವಾಗಿ ಬರೆದು ಒಪ್ಪಿಕೊಂಡರು. ಆದರೂ ಜನರ ಪ್ರಾಣ, ಆರೋಗ್ಯ ಅದಕ್ಕಿಂತ ಮೇಲು ಅಂದರು. ಘಟಕ ಹಾಕ್ತೀವಿ ಅಂದವರಿಗೆ 1988ರ ಮಾರ್ಚ್ 31ರವರೆಗೆ ಗಡುವು, ಕೋರ್ಟಿಗೇ ಬಾರದವರಿಗೆ ಬೀಗ.

ನಾಲ್ಕು ತಿಂಗಳಾಗೋ ಮುಂಚೆಯೇ, 1988ರ ಜನವರಿ 12ಕ್ಕೆ ಎರಡನೇ ತೀರ್ಪು. ಈ ಸಲ ಕಟಕಟೆಯಲ್ಲಿದ್ದದ್ದು ಕಾನ್ಪುರದ ನಗರಪಾಲಿಕೆ. ಮೆಹ್ತಾ ಗಂಗೆ ದಂಡೆಯ ಜಮೀನುದಾರರಲ್ಲ. ಹಳೇ ಕಾನೂನಿನ ಲೆಕ್ಕದಲ್ಲಿ ಹೊಳೆ ಕೆಟ್ಟರೆ ದೂರು ಕೊಡಬೇಕಾದವನು ದಂಡೆಯ ಒಡೆಯ. ಗಂಗೆಯ ನೀರು ಬಳಸುವ ಜನರ ಜೀವ ಉಳಿಸಬೇಕು ಅಂತ ಬಂದವನಿಗೂ ಕೇಳುವ ಹಕ್ಕು ಉಂಟು ಅಂತ ವೆಂಕಟರಾಮಯ್ಯ ಸ್ಪಷ್ಟವಾಗಿ ಹೇಳಿಬಿಟ್ಟರು. ಅಲ್ಲಿಂದ ಮುಂದೆ ತೀರ್ಪು ಪುರಸಭೆ ಸದಸ್ಯರ ವಾರ್ಡ್ ಸಭೆಯ ಪಟ್ಟಿಯಂತೆ ಸಾಗುತ್ತೆ. ಡೇರಿಗಳ ಸಗಣಿ ಎಲ್ಲಿಗೆ ಹೋಗಬೇಕು, ಒಳಚರಂಡಿ ಎಲ್ಲಿ ಇಲ್ಲ, ಬಡವರಿಗೆ ಶೌಚಾಲಯ ಎಷ್ಟು ಬೇಕು, ಅರೆಬೆಂದ ಹೆಣ ನದಿಗೆ ಎಸೆಯೋದನ್ನು ಯಾರು ತಡೆಯಬೇಕು. ದೇಶದ ಅತಿ ದೊಡ್ಡ ಕೋರ್ಟು ಸಗಣಿ ಲೆಕ್ಕ ಹಾಕ್ತಾ ಕೂತಿತ್ತು ಅಂತ ನಗಬಹುದು, ಆದರೆ ಹೊಳೆ ಕೆಡೋದು ಅಲ್ಲಿಂದಲೇ ತಾನೆ.

ಪಾಲಿಕೆಗಳಿಗೆ ಹೇಳಿದ್ದು ಗಂಗೆ ಹರಿಯುವ ಊರುಗಳಿಗೆ ಮಾತ್ರ, ಕಪಿಲೆ ಅದರಲ್ಲಿಲ್ಲ. ಒಂದು ಸೂಚನೆ ಮಾತ್ರ ದೇಶಕ್ಕೆಲ್ಲ: ಹತ್ತನೇ ಕ್ಲಾಸಿನವರೆಗೆ ವಾರಕ್ಕೆ ಕನಿಷ್ಠ ಒಂದು ಗಂಟೆ ಪರಿಸರದ ಪಾಠ ಆಗುವಂತೆ ಕೇಂದ್ರ ಸರ್ಕಾರ ನೋಡಿಕೊಳ್ಳಬೇಕು. ಗಂಗೆ ಇವತ್ತಿಗೂ ಪೂರ್ತಿ ಶುದ್ಧವಾಗಿಲ್ಲ, ಅದು ಬೇರೆ ಮಾತು. ದಂಡೆಯಲ್ಲಿ ಜಮೀನಿಲ್ಲದವನಿಗೆ ಬಾಗಿಲು ತೆರೆದದ್ದಂತೂ ನಿಜ.

ಎಲ್ಲ ತೀರ್ಪೂ ಎಲ್ಲರಿಗೂ ಹಿಡಿಸಿತು ಅಂತಲ್ಲ. 1985ರ ವಸಂತಕುಮಾರ್ ಕೇಸ್ ಕರ್ನಾಟಕದ್ದೇ, ಹಿಂದುಳಿದ ವರ್ಗಗಳ ಮೀಸಲಾತಿ ಕುರಿತದ್ದು. ಐವರು ಜಡ್ಜ್‌ಗಳು ಐದು ಅಭಿಪ್ರಾಯ ಬರೆದರು. ಮೀಸಲಾತಿ ಶೇ 50 ದಾಟಬಾರದು, ಹೆಚ್ಚುಕಡಿಮೆ ಪರಿಶಿಷ್ಟರಷ್ಟೇ ಹಿಂದುಳಿದವರಿಗೆ ಅದು ಸಿಗಬೇಕು ಅನ್ನೋದು ವೆಂಕಟರಾಮಯ್ಯ ನಿಲುವು. 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿದ್ದ ಮೈಸೂರು ಸೀಮೆಯಲ್ಲಿ ಈ ಅಳತೆಗೋಲು ತೀರಾ ಬಿಗಿ ಅಂತ ಅನ್ನಿಸಿದವರು ಇದ್ದೇ ಇದ್ದರು. ಜಡ್ಜ್‌ಗಳ ನೇಮಕದಲ್ಲಿ ಕೊನೆಯ ಮಾತು ಸರ್ಕಾರದ್ದು ಅಂದ 1981ರ ಬಹುಮತದಲ್ಲೂ ಅವರಿದ್ದರು. ಅದನ್ನು 1993ರಲ್ಲಿ ಒಂಬತ್ತು ಜಡ್ಜ್‌ಗಳ ಪೀಠ ತೆಗೆದುಹಾಕಿತು.

1989ರ ಜೂನ್ 19ಕ್ಕೆ ಅವರು ದೇಶದ 19ನೇ ಮುಖ್ಯ ನ್ಯಾಯಮೂರ್ತಿ. ಕರ್ನಾಟಕ ಹೈಕೋರ್ಟಿನಿಂದ ಹೋಗಿ ಆ ಕುರ್ಚಿ ಏರಿದ ಮೊದಲಿಗರು. ಸಿಕ್ಕಿದ್ದು ಆರೇ ತಿಂಗಳು. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ಜಡ್ಜ್ ಫಾತಿಮಾ ಬೀವಿ ಬಂದದ್ದು ಆ ಅವಧಿಯಲ್ಲೇ, ಅಕ್ಟೋಬರ್ 6ಕ್ಕೆ.

ನಿವೃತ್ತಿ ಹೊತ್ತಿಗೆ ಪತ್ರಕರ್ತ ಕುಲದೀಪ್ ನಯ್ಯರ್‌ಗೆ ಸಂದರ್ಶನ ಕೊಟ್ಟರು. ನ್ಯಾಯಾಂಗದ ಮಟ್ಟ ಕುಸಿದಿದೆ, ಕೆಲವು ಜಡ್ಜ್‌ಗಳು ಸಂಜೆಯಾದರೆ ವಕೀಲರ ಮನೆಯ ಪಾರ್ಟಿಗೆ ಹೋಗ್ತಾರೆ, ಜಡ್ಜ್‌ಗಳ ನೆಂಟರು ಅದೇ ಕೋರ್ಟಿನಲ್ಲಿ ವಕೀಲಿಕೆ ಮಾಡಿ ಬೆಳೀತಾರೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ನೆನ್ನೆಯವರೆಗೆ ಬೇರೆಯವರ ಕೇಸ್ ಕೇಳ್ತಿದ್ದವರ ಮೇಲೆಯೇ ನ್ಯಾಯಾಂಗ ನಿಂದನೆ ಅರ್ಜಿ ಬಿತ್ತು. ಬಾಂಬೆ ಹೈಕೋರ್ಟ್ 1990ರಲ್ಲಿ ಅದನ್ನು ವಜಾ ಮಾಡಿತು. ಸಂಸ್ಥೆ ಸುಧಾರಿಸಲಿ ಅಂತ ಆಡಿದ ಮಾತು ನಿಂದನೆ ಆಗೋದಿಲ್ಲ ಅನ್ನೋದು ಅದರ ಅಭಿಪ್ರಾಯ.

ವೆಂಕಟರಾಮಯ್ಯ ತೀರಿಕೊಂಡದ್ದು 1997ರಲ್ಲಿ. ಅವರ ಮಗಳು ಬಿ.ವಿ. ನಾಗರತ್ನ 2021ರ ಆಗಸ್ಟ್ 31ರಂದು ಅದೇ ಸುಪ್ರೀಂ ಕೋರ್ಟಿನ ಜಡ್ಜ್ ಆಗಿ ಪ್ರಮಾಣವಚನ ಸ್ವೀಕರಿಸಿದರು.