ಸೋಂದ್ರೆ ನೂರ್ಹೈಮ್

ಸೋಂದ್ರೆ ನೂರ್ಹೈಮ್ (ಜೂನ್ 10, 1825 – ಮಾರ್ಚ್ 9, 1897) ನಾರ್ವೆ ದೇಶದ ಪ್ರಸಿದ್ಧ ಸ್ಕೀ ಪಟು. ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗನ್ನು ಕ್ರೀಡೆಯಾಗಿ ರೂಪಿಸಿದವರಲ್ಲಿ ಈತನು ಅಗ್ರಗಣ್ಯನು.

ಜೀವನ

ಟೆಲೆಮಾರ್ಕ್ ಎಂಬ ಗುಡ್ಡಗಾಡು ಸೀಮೆಯ ಮೋರ್ಗೆದಾಲ್ ಗ್ರಾಮ ಈತನ ಜನ್ಮಸ್ಥಳ. ಸ್ವಂತ ಭೂಮಿಯಿಲ್ಲದ ಒಕ್ಕಲು. ನಮ್ಮ ಬೆಳಗಾವಿ ಸೀಮೆಯಲ್ಲಿ ಹೊಲವನ್ನು ಲಾವಣಿಗೆ ಹಿಡಿಯುವವರಿಗಿಂತಲೂ ಕಷ್ಟದ ಬದುಕು ಅದು. 1854ರಲ್ಲಿ ರಾನೈ ಎಂಬವಳನ್ನು ಮದುವೆಯಾದನು.

ಸ್ಕೀ ವಿದ್ಯೆ

ಅಂದಿನ ಸ್ಕೀಗಳಿಗೆ ಸಾಮಾನ್ಯವಾಗಿ ಕಾಲ್ಬೆರಳಿನ ಬಳಿ ಮಾತ್ರ ಪಟ್ಟಿ ಇರುತ್ತಿತ್ತು. ಜಿಗಿದರೆ ಹಲಗೆ ಕಳಚಿ ಬೀಳುತ್ತಿತ್ತು. ನೂರ್ಹೈಮ್ ಎಳೆಯ ಕೊಂಬೆಗಳನ್ನು ಹೊಸೆದು ಹಿಮ್ಮಡಿಯ ಸುತ್ತಲೂ ಬಿಗಿದನು. ಹೀಗಾಗಿ ಜಿಗಿಯುವುದೂ ಇಳಿಜಾರಿನಲ್ಲಿ ತಿರುಗುವುದೂ ಸಾಧ್ಯವಾದವು. ನಡು ಸಣ್ಣಗಿರುವ ಸ್ಕೀಯನ್ನು ಈತನೇ ಕಂಡುಹಿಡಿದನೆಂದು ಹೇಳುವುದುಂಟು. ಆದರೆ ಅಂಥ ಹಲಗೆಗಳು ಆ ಸೀಮೆಯಲ್ಲಿ ಮೊದಲೇ ಇದ್ದವು. ಅವುಗಳ ಶಕ್ತಿಯನ್ನು ಜನರಿಗೆ ತೋರಿಸಿಕೊಟ್ಟದ್ದು ಈತನ ಹಿರಿಮೆ. ಒಂದು ಕಾಲನ್ನು ಮುಂದಿಟ್ಟು ಮೊಣಕಾಲು ಬಾಗಿಸಿ ನೆಲಕ್ಕಿಳಿಯುವ ಭಂಗಿಗೆ ಇಂದಿಗೂ ಟೆಲೆಮಾರ್ಕ್ ಎಂದೇ ಹೆಸರು. ಸ್ಲಾಲಮ್ ಎಂಬ ಪದವೂ ನಾರ್ವೆಯ ಭಾಷೆಯಿಂದಲೇ ಬಂದುದು. ಇಳಿಜಾರಿನ ಜಾಡು ಎಂಬುದು ಅದರ ಸ್ಥೂಲ ಅರ್ಥ.

1868ರಲ್ಲಿ ರಾಜಧಾನಿ ಕ್ರಿಸ್ತಿಯಾನಿಯಾದಲ್ಲಿ (ಇಂದಿನ ಓಸ್ಲೋ) ನಡೆದ ಸ್ಪರ್ಧೆಯಲ್ಲಿ ಈತನು ಗೆದ್ದನು. ಆಗ ವಯಸ್ಸು 42. ಅಲ್ಲಿಗೆ ಸುಮಾರು 200 ಕಿ.ಮೀ. ದೂರವನ್ನು ಸ್ಕೀಗಳ ಮೇಲೆಯೇ ಕ್ರಮಿಸಿದನೆಂದು ಪ್ರತೀತಿ.

ವಲಸೆ ಮತ್ತು ಮರಣ

ಕೀರ್ತಿ ಬಂದರೂ ಬಡತನ ಹೋಗಲಿಲ್ಲ. 1884ರಲ್ಲಿ ಕುಟುಂಬ ಸಮೇತ ಅಮೆರಿಕೆಗೆ ವಲಸೆ ಹೋಗಿ, ಮೊದಲು ಮಿನ್ನೆಸೋಟದಲ್ಲಿಯೂ ಅನಂತರ ಉತ್ತರ ಡಕೋಟದಲ್ಲಿಯೂ ನೆಲೆಸಿದನು. ಅಲ್ಲಿ ಹಿಮಕ್ಕೆ ಬರವಿರಲಿಲ್ಲ, ಆದರೆ ನೆಲ ಬೈಲಹೊಂಗಲದ ಎರೆಹೊಲಗಳಂತೆ ಬಹುಪಾಲು ಬಯಲು. ಆದರೂ ಮನೆಯ ಬಾಗಿಲ ಬಳಿ ಒಂದು ಜೊತೆ ಸ್ಕೀ ಸದಾ ಇರುತ್ತಿದ್ದವೆಂದು ಹೇಳುತ್ತಾರೆ. 1897ರಲ್ಲಿ ತೀರಿಕೊಂಡ ಈತನನ್ನು ಡೆನ್‌ಬಿ ಬಳಿಯ ಚರ್ಚಿನ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಸಮಾಧಿಯ ಮೇಲೆ ಹೆಸರಿನ ಕಲ್ಲು ಕೂಡ ಇರಲಿಲ್ಲ.

1952ರ ಓಸ್ಲೋ ಚಳಿಗಾಲದ ಒಲಿಂಪಿಕ್ಸ್‌ಗೆ ಜ್ಯೋತಿಯನ್ನು ಹೊತ್ತಿಸಿದ್ದು ಮೋರ್ಗೆದಾಲ್‌ನಲ್ಲಿರುವ ಈತನ ಗುಡಿಸಲಿನ ಒಲೆಯಲ್ಲಿ. ಸ್ಕೀ ಪಟುಗಳು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಓಸ್ಲೋಗೆ ತಲುಪಿಸಿದರು. 1960ರ ಸ್ಕ್ವಾ ವ್ಯಾಲಿ ಕ್ರೀಡಾಕೂಟಕ್ಕೂ ಅಲ್ಲಿಂದಲೇ ಜ್ಯೋತಿ ಹೋಯಿತು. ಡೆನ್‌ಬಿಯ ಸಮಾಧಿಗೆ ಗುರುತಿನ ಕಲ್ಲು ಬಂದದ್ದು 1960ರ ದಶಕದಲ್ಲಿ.